ಎಸ್ಟೋನಿಯನ್, ಬರ್ಮೀಸ್ ಎರಡರಲ್ಲೂ ಉಚ್ಚಾರ ಕೈಕೊಡ್ತಿದ್ರೆ

ಎರಡನ್ನೂ ಜೊತೆಗೆ ಕಲೀತಿದೀನಿ, ವ್ಯಾಕರಣ ಪರವಾಗಿಲ್ಲ ಆದ್ರೆ ಮಾತಾಡಿದ್ರೆ ಯಾರಿಗೂ ಅರ್ಥ ಆಗ್ತಿಲ್ಲ ಅಂದಿದೀರಲ್ಲ, ಬಹುಶಃ ಕಾರಣ ನಮ್ಮ ಹ್ರಸ್ವ-ದೀರ್ಘದ ಲೆಕ್ಕಾನ ಎರಡಕ್ಕೂ ಹಚ್ತಿರೋದು. ನಿಮ್ಮ ಆಡಿಯೋ ಕೇಳದೆ ಗ್ಯಾರಂಟಿ ಹೇಳಕ್ಕಾಗಲ್ಲ, ಆದ್ರೆ ನಂಗೂ ಇದೇ ಆಗಿತ್ತು.

ಮೊದ್ಲು ಎರಡನ್ನೂ ಒಂದೇ ದಿನ ಓದೋದು ನಿಲ್ಸಿ.

ಆಮೇಲೆ ಎಸ್ಟೋನಿಯನ್ ತಗೊಳಿ. ಅಲ್ಲಿ ಉದ್ದ ಎರಡಲ್ಲ, ಮೂರು. 'ಲಿನ' ಅಂದ್ರೆ ಅಗಸೆ, 'ಲಿನ್ನ' ಅಂದ್ರೆ ಊರಿನ, ಅದೇ 'ಲಿನ್ನ'ನ ಇನ್ನೂ ಎಳೆದು ಒತ್ತಿದ್ರೆ ಊರಿಗೆ, ಬರೆಯೋದು ಮಾತ್ರ ಎರಡೂ ಒಂದೇ ಥರ, ಹಾಗಾಗಿ ಓದಿ ಕಲಿಯಕ್ಕಾಗಲ್ಲ, ಕೇಳಿ ರೆಕಾರ್ಡ್ ಮಾಡ್ಕೊಂಡು ಹೋಲಿಸ್ಲೇಬೇಕು. 14 ವಿಭಕ್ತಿಗೆ ಹೆದರ್ಬೇಡಿ, ಮಯ, ಮಯಸ್, ಮಯಸ್ತ್ ಅನ್ನೋದು ನಮ್ಮ ಮನೆ, ಮನೇಲಿ, ಮನೆಯಿಂದ ಇದ್ದಂಗೇ.

ಬರ್ಮೀಸಲ್ಲಿ ಕಿವಿ ಇಡ್ಬೇಕಾದ್ದು ಸ್ವರದ ಏರಿಳಿತಕ್ಕೆ, ಗಂಟಲಿನ ಬಿಗಿಗೆ. 'ಲಾ'ನ ತಗ್ಗಿಸಿ ಹೇಳಿದ್ರೆ ಬಾ, ಏರಿಸಿದ್ರೆ ಪ್ರಶ್ನೆ ಕೇಳೋ ಪ್ರತ್ಯಯ, ಗಂಟಲು ಬಿಗಿದು ಗಿಡ್ಡಕ್ಕೆ ಹೇಳಿದ್ರೆ ಚಂದ್ರ ಅಥ್ವಾ ತಿಂಗಳು. ದಿನಾ ಹತ್ತು ನಿಮಿಷ ಈ ಮೂರನ್ನೇ ಹೇಳಿ. ವಾಕ್ಯದ ಚಿಂತೆ ಬೇಡ, 'ಥಮಿನ್ ಸಾ ದೆ' ಅಂದ್ರೆ ಅನ್ನ ತಿಂತೀನಿ, ಕ್ರಿಯಾಪದ ನಮ್ಮ ಥರಾನೇ ಕೊನೇಲಿ.

ಕೊನೇದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರ್ಮೀಸ್ ಓದೋದು ಬಿಟ್ಟು ಅದರ ಲಿಪಿ ಕಲೀರಿ, ಕ ಖ ಗ ಘ ಕ್ರಮವೇ ಇದೆ, ಬ್ರಾಹ್ಮಿಯಿಂದಲೇ ಬಂದಿದ್ದು. ಆದ್ರೆ ಚ ಜಾಗದ ಅಕ್ಷರಾನ ಸ ಅಂತ ಓದ್ಬೇಕು, ಅಲ್ಲಿ ಹುಷಾರು. ಪುಸ್ತಕದ ಭಾಷೆ ಬೇರೆ, ಆಡುಭಾಷೆ ಬೇರೆ, ಮೊದ್ಲು ಆಡುಭಾಷೆಯ ಪಾಠಾನೇ ಹಿಡೀರಿ.