ಓದುಗರ ಪ್ರಶ್ನೆ: ಹುಬ್ಬಳ್ಳಿಯಿಂದ ಮೈಸೂರಿಗೆ ಹಾರಿದರೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ದೂರ ತೋರಿಸುವ ಜಾಲತಾಣವೊಂದು ಹುಬ್ಬಳ್ಳಿ–ಮೈಸೂರು ವಿಮಾನಕ್ಕೆ ಅರ್ಧ ಗಂಟೆ ಸಾಕು ಅನ್ನುತ್ತದೆ. ವೇಳಾಪಟ್ಟಿಯಲ್ಲಿ ಒಂದು ಗಂಟೆ ದಾಟುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ವೇಳಾಪಟ್ಟಿಯನ್ನು. ದೂರವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಹುಬ್ಬಳ್ಳಿ ನಿಲ್ದಾಣ 15.36 ಡಿಗ್ರಿ ಉತ್ತರ ಅಕ್ಷಾಂಶ, 75.08 ಪೂರ್ವ ರೇಖಾಂಶದಲ್ಲಿದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣ 12.23, 76.66ರಲ್ಲಿ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ.; ಅಕ್ಷಾಂಶದ ವ್ಯತ್ಯಾಸವನ್ನು ಅದರಿಂದ ಗುಣಿಸಿದರೆ 347 ಕಿ.ಮೀ. ರೇಖಾಂಶದ್ದನ್ನು ನಮ್ಮ ಭಾಗದಲ್ಲಿ 108ರಿಂದ ಗುಣಿಸಬೇಕು: 170 ಕಿ.ಮೀ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 386 ಕಿ.ಮೀ.

ಜಾಲತಾಣದ ದೂರ ಸರಿಯೇ ಇರುತ್ತದೆ, ಎಡವುವುದು ವೇಗದಲ್ಲಿ. ಅದು ಜೆಟ್ಟಿನ 800 ಕಿ.ಮೀ. ವೇಗದಿಂದ ಭಾಗಿಸಿ 29 ನಿಮಿಷ ಎಂದುಬಿಡುತ್ತದೆ. ಇಂಥ ಮಾರ್ಗಕ್ಕೆ ಬರುವುದು ಪ್ರೊಪೆಲ್ಲರ್ ಇರುವ ಎಟಿಆರ್ 72. ಅದರ ಗರಿಷ್ಠ ಓಟವೇ ಗಂಟೆಗೆ 510 ಕಿ.ಮೀ. ಆಸುಪಾಸು; ಹಾಗಾಗಿ 45 ನಿಮಿಷ. ಮೇಲೇರುವಾಗ ವೇಗ ಇನ್ನೂ ಕಡಿಮೆ, ಇಳಿಯುವ ಮುನ್ನ ರನ್‌ವೇಯ ನೇರಕ್ಕೆ ತಿರುಗಬೇಕು. ಇದಕ್ಕೆ ಎಂಟು–ಹತ್ತು ನಿಮಿಷ, ನೆಲದ ಮೇಲಿನ ಓಡಾಟಕ್ಕೆ ಇನ್ನೊಂದು ಹತ್ತು. ಒಟ್ಟು ಗಂಟೆ ಐದು ನಿಮಿಷ. ಕಂಪನಿಗಳು ಇದರ ಮೇಲೂ ಸ್ವಲ್ಪ ಸಡಿಲ ಇಟ್ಟುಕೊಂಡು ವೇಳೆ ಬರೆಯುತ್ತವೆ. ಬೇಗ ತಲುಪಿದರೆ ಯಾರೂ ದೂರುವುದಿಲ್ಲವಲ್ಲ!

ಪ್ರಶ್ನೆ: ಮಳೆಗಾಲದ ಗಾಳಿಗೆ ಎಷ್ಟು ತಡವಾಗಬಹುದು?

ಉತ್ತರ: ಬರೀ ಗಾಳಿಯಿಂದ ಹೆಚ್ಚೇನಿಲ್ಲ. 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಪಡುವಣ ಗಾಳಿ ಇದ್ದರೂ ಮಾರ್ಗ ಆಗ್ನೇಯಕ್ಕೆ ಓರೆಯಾಗಿರುವುದರಿಂದ ಅದರ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಬೆನ್ನಿಗೆ ಸಿಗುತ್ತದೆ. ಹೋಗುವುದಕ್ಕೂ ಬರುವುದಕ್ಕೂ ನಾಲ್ಕೈದು ನಿಮಿಷದ ಅಂತರ, ಅಷ್ಟೆ. ನಿಜವಾಗಿ ತಡ ಮಾಡುವುದು ಮೋಡ, ಮಂಜು ಮತ್ತು ಹಿಂದಿನ ಹಾರಾಟ. ಒಂದೇ ವಿಮಾನ ದಿನವಿಡೀ ನಾಲ್ಕಾರು ಊರು ಸುತ್ತುತ್ತದೆ. ಬೆಳಗ್ಗೆ ಎಲ್ಲೋ ಸಿಕ್ಕಿಬಿದ್ದರೆ ಸಂಜೆಯವರೆಗೂ ಅದರ ಬಾಲ ಹಿಡಿದೇ ಓಡುತ್ತದೆ. ಮನೆ ಬಿಡುವ ಮುನ್ನ ನಿಮ್ಮ ವಿಮಾನ ಹಿಂದಿನ ಊರಿನಿಂದ ಹೊರಟಿದೆಯೇ ನೋಡಿ.

ಪ್ರಶ್ನೆ: ಮೈಸೂರಿಗೆ ದೊಡ್ಡ ಜೆಟ್ ಏಕಿಲ್ಲ?

ಉತ್ತರ: ಅಲ್ಲಿನ ರನ್‌ವೇ 1,740 ಮೀಟರ್, ಹುಬ್ಬಳ್ಳಿಯದ್ದು 2,600. ಮೈಸೂರು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಮೇಲಿದೆ. ತೆಳು ಗಾಳಿ, ಬೇಸಿಗೆಯ ಬಿಸಿ ಎರಡೂ ಮೇಲೇರುವ ಮುನ್ನ ರನ್‌ವೇ ಮೇಲೆ ಓಡಬೇಕಾದ ದೂರವನ್ನು ಹೆಚ್ಚಿಸುತ್ತವೆ. ಪೂರ್ಣ ಭಾರದ ಏರ್‌ಬಸ್ 320ಕ್ಕೆ ಅಷ್ಟು ಸಾಲದು, ಎಟಿಆರ್‌ಗೆ ಸಾಕು.

ಪ್ರಶ್ನೆ: ನೇರ ವಿಮಾನ ಇಲ್ಲದಿದ್ದರೆ ಏನು ಮಾಡುವುದು?

ಉತ್ತರ: ಬೆಂಗಳೂರಿಗೆ ಹಾರಿ, ವಿಮಾನ ನಿಲ್ದಾಣದಿಂದಲೇ ಹೊರಡುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹಿಡಿಯಿರಿ. ಬಸ್ಸಿಗೇ ನಾಲ್ಕು ಗಂಟೆ ಎಣಿಸಿಕೊಳ್ಳಿ. ಎಟಿಆರ್ ಹತ್ತುವುದಾದರೆ ಒಂದು ಮಾತು: ತಲೆಯ ಮೇಲಿನ ಖಾನೆ ಚಿಕ್ಕದು, ಗಟ್ಟಿ ಟ್ರಾಲಿ ಹಿಡಿಸುವುದಿಲ್ಲ. ಅದನ್ನು ಮೆಟ್ಟಿಲ ಬಳಿಯೇ ಕೊಡಬೇಕಾದೀತು. ಔಷಧಿ, ಚಾರ್ಜರ್ ಮೊದಲೇ ಕೈಚೀಲಕ್ಕೆ ಹಾಕಿಕೊಳ್ಳಿ.