ಕಂಪನಿ ಕೈಬಿಟ್ಟರೆ ಕ್ಲಬ್ಬಿನ ಗತಿ ಏನು?

ಪ್ರಶ್ನೆ: ನಾನು ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೇನೆ. ಬೆಂಗಳೂರು ಎಫ್‌ಸಿ ನಮ್ಮ ಕಂಪನಿಯದ್ದೇ ಫುಟ್‌ಬಾಲ್ ಟೀಮ್. ಗೆಳೆಯರು ಮಾತ್ರ "ಕಂಪನಿ ಟೀಮ್ ಎಷ್ಟು ದಿನ ಬಾಳುತ್ತೆ, ಮಾಲೀಕರಿಗೆ ಬೇಜಾರಾದ ದಿನ ಬೀಗ" ಅಂತ ಕಾಡಿಸುತ್ತಾರೆ. ಹಾಲೆಂಡಿನ ಪಿಎಸ್‌ವಿ ಕೂಡ ಫಿಲಿಪ್ಸ್ ಕಂಪನಿಯ ಟೀಮ್ ಅಲ್ವಾ? ಅದು ನೂರು ವರ್ಷ ಹೇಗೆ ಉಳಿಯಿತು?
— ಓದುಗರೊಬ್ಬರು, ತೋರಣಗಲ್ಲು

ಉತ್ತರ: ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ಮುಂಬೈನ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿದವು. ಎರಡೂ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡಗಳೇ. ಕಂಪನಿ ಸಾಕು ಅಂದಿತು, ಕಥೆ ಮುಗಿಯಿತು.

ಪಿಎಸ್‌ವಿ ಕಥೆ ಬೇರೆ. ಐಂಡ್‌ಹೋವನ್ ಎಂಬ ಊರಲ್ಲಿ 1891ರಲ್ಲಿ ಫಿಲಿಪ್ಸ್ ಕಂಪನಿ ಶುರುವಾಯಿತು, ಬಲ್ಬ್ ಮಾಡುವುದೇ ಕೆಲಸ. ಕೆಲಸಗಾರರು ಹೆಚ್ಚಿದರು, ಅವರಿಗೆ ಮನೆ ಬೇಕಲ್ಲ, 1910ರಿಂದ ಕಂಪನಿಯೇ ಒಂದು ಕಾಲೊನಿ ಕಟ್ಟಿತು. ನಿಮ್ಮ ವಿದ್ಯಾನಗರ ಟೌನ್‌ಶಿಪ್ ಇದ್ದ ಹಾಗೆ ಅಂದುಕೊಳ್ಳಿ. 1913ರ ಆಗಸ್ಟ್ 31ರಂದು ಕ್ಲಬ್ ಹುಟ್ಟಿತು, ಆಡುತ್ತಿದ್ದವರು ಕಂಪನಿಯ ಕೆಲಸಗಾರರು. 1929ರಲ್ಲಿ ಮೊದಲ ಸಲ ದೇಶದ ಚಾಂಪಿಯನ್. ಈಗಿನ ಫಿಲಿಪ್ಸ್ ಸ್ಟೇಡಿಯಂ ಇರುವುದೂ ಆ ಕಾಲೊನಿಯ ಪಕ್ಕದಲ್ಲೇ, ಸುಮಾರು 35,000 ಜನ ಕೂರುತ್ತಾರೆ. ಕಂಪನಿಯ ಅಧ್ಯಕ್ಷರಾಗಿದ್ದ ಫ್ರಿಟ್ಸ್ ಫಿಲಿಪ್ಸ್ ದೊಡ್ಡವರ ಬಾಕ್ಸ್ ಬಿಟ್ಟು ಜನರ ನಡುವೆಯೇ ಕೂತು ಮ್ಯಾಚ್ ನೋಡುತ್ತಿದ್ದರು. ಡಿ ವಿಭಾಗ, 22ನೇ ಸಾಲು, 43ನೇ ಕುರ್ಚಿ. 2005ರಲ್ಲಿ, ನೂರು ತುಂಬಿದ ವರ್ಷವೇ ತೀರಿಕೊಂಡರು.

ದುಡ್ಡಿಗೆ ಕೊರತೆ ಇಲ್ಲದ ಕಾಲದಲ್ಲಿ ರೊಮಾರಿಯೊ ಬಂದ (1988), ಆಮೇಲೆ 17 ವರ್ಷದ ರೊನಾಲ್ಡೊ ಬಂದ (1994). ಪೋರ್ಚುಗಲ್ಲಿನವನಲ್ಲ, ಬ್ರೆಜಿಲ್ಲಿನವನು! ಇಬ್ಬರನ್ನೂ ಬೆಳೆಸಿ ಬಾರ್ಸಿಲೋನಾಕ್ಕೆ ಮಾರಿದರು. ಚಿಕ್ಕವರಿದ್ದಾಗ ತಂದು, ಆಡಿಸಿ, ಒಳ್ಳೆ ರೇಟಿಗೆ ಕೊಡುವ ಈ ದಾರಿಯನ್ನು ಕ್ಲಬ್ ಇವತ್ತಿಗೂ ಬಿಟ್ಟಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಫಿಲಿಪ್ಸ್ ಒಂದೇ ದಿನಕ್ಕೆ ಎದ್ದು ಹೋಗಲಿಲ್ಲ. 1999ರಲ್ಲಿ ಕ್ಲಬ್ ತನ್ನದೇ ಬೇರೆ ಕಂಪನಿಯಾಯಿತು, ಷೇರುಗಳು ಹೆಚ್ಚುಕಡಿಮೆ ಎಲ್ಲವೂ ಒಂದು ಪ್ರತಿಷ್ಠಾನದ ಕೈಗೆ ಹೋದವು. 2011ರಲ್ಲಿ ಕೈ ತೀರಾ ಬಿಗಿಯಾದಾಗ ನಗರಸಭೆ ಸ್ಟೇಡಿಯಂ ಕೆಳಗಿನ ಜಾಗವನ್ನು 4.84 ಕೋಟಿ ಯೂರೊಗೆ ಕೊಂಡು ಕ್ಲಬ್ಬಿಗೇ ಗುತ್ತಿಗೆಗೆ ಕೊಟ್ಟಿತು. ಸರ್ಕಾರಿ ದುಡ್ಡು ಹೀಗೆ ಕೊಡಬಹುದಾ ಅಂತ ಯುರೋಪಿಯನ್ ಕಮಿಷನ್ ತನಿಖೆಯನ್ನೂ ಮಾಡಿತು, 2016ರಲ್ಲಿ ತಪ್ಪೇನಿಲ್ಲ ಅಂದಿತು. ಅದೇ 2016ರಲ್ಲಿ, 1982ರಿಂದ ಜೆರ್ಸಿ ಮೇಲಿದ್ದ ಫಿಲಿಪ್ಸ್ ಹೆಸರು ಹೋಯಿತು. ನಡುವೆ ಬೇರೆ ಸ್ಪಾನ್ಸರ್ ಬಂದರು. 2019ರಲ್ಲಿ ನೋಡಿ, ಆ ಭಾಗದ ಐದು ಸಂಸ್ಥೆಗಳು, ಚಿಪ್ ಮಾಡುವ ಯಂತ್ರಗಳ ಎಎಸ್‌ಎಂಎಲ್ ಮತ್ತು ಫಿಲಿಪ್ಸ್ ಸೇರಿ, ಒಟ್ಟಾಗಿ ಬಂದು ಜೆರ್ಸಿ ಮೇಲೆ ತಮ್ಮ ಹೆಸರಿನ ಬದಲು ಊರಿನ ಹೆಸರು ಹಾಕಿಸಿದವು. ಒಬ್ಬರ ಭಾರವನ್ನು ಐವರು ಹೊತ್ತರು. ಕ್ಲಬ್ಬೇನೂ ಸೊರಗಲಿಲ್ಲ. 2024 ಮತ್ತು 2025ರಲ್ಲಿ ಸತತ ಚಾಂಪಿಯನ್, ಅದರಲ್ಲೂ 2025ರಲ್ಲಿ ಐದು ಮ್ಯಾಚ್ ಉಳಿದಿರುವಾಗ ಒಂಬತ್ತು ಪಾಯಿಂಟ್ ಮುಂದಿದ್ದ ಅಯಾಕ್ಸನ್ನು ಹಿಡಿದು, ಒಂದೇ ಒಂದು ಪಾಯಿಂಟಿನಿಂದ ಗೆದ್ದರು.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಇನ್ನೂ ಎಳೆಯದು. 2025ರ ಆಗಸ್ಟ್‌ನಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಸಂಬಳ ನಿಲ್ಲಿಸುತ್ತೇವೆ ಅಂತ ಕ್ಲಬ್ ಪ್ರಕಟಿಸಿದ್ದು ನಿಮಗೂ ಗೊತ್ತಿರುತ್ತೆ. ನನಗೆ ಕಾಣುವ ಕೊರತೆ ಇಷ್ಟೇ: ಫ್ಯಾಕ್ಟರಿ ನಮ್ಮ ಬಳ್ಳಾರಿ ಜಿಲ್ಲೆಯದು, ಹುಡುಗರು ಬೆವರು ಸುರಿಸಿ ಕಲಿಯುವುದೂ ಇಲ್ಲೇ, ಮ್ಯಾಚ್ ಮಾತ್ರ ಮುನ್ನೂರು ಕಿಲೋಮೀಟರ್ ಆಚೆ ಕಂಠೀರವದಲ್ಲಿ. ಶಿಫ್ಟ್ ಮುಗಿಸಿದವನು ನಡೆದುಕೊಂಡು ಹೋಗಿ ನೋಡುವ ಟೀಮ್ ಅಲ್ಲ ಅದು. ಐಂಡ್‌ಹೋವನ್‌ನಲ್ಲಿ ಕಂಪನಿ ಹಿಂದೆ ಸರಿದಾಗ ಊರು ಮುಂದೆ ಬಂತು. ಇಲ್ಲಿ ಯಾವ ಊರು ಬರಬೇಕು, ಬಳ್ಳಾರಿಯೋ ಬೆಂಗಳೂರೋ? ಗೆಳೆಯರ ಹತ್ತಿರ ಅದನ್ನು ಕೇಳಿ.

ಪ್ರಶ್ನೆ: ಸಾಹುಕಾರ ಮಾಲೀಕ ಸಿಕ್ಕರೆ ಸಾಕಲ್ವಾ, ಊರು-ಗೀರು ಯಾಕೆ ಬೇಕು?
— ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಹಾಲೆಂಡಿನದ್ದೇ ಇನ್ನೊಂದು ಕ್ಲಬ್ ವಿಟೆಸ್, ಆರ್ನಮ್ ಊರಿನದು, 1892ರಷ್ಟು ಹಳೆಯದು. ಅವರ ಸ್ಟೇಡಿಯಂನಲ್ಲಿ ಮೈದಾನದ ಹುಲ್ಲುಹಾಸನ್ನು ಹಾಗೆಯೇ ಹೊರಗೆ ಜಾರಿಸಿ ಒಳಗೆ ಸಂಗೀತ ಕಾರ್ಯಕ್ರಮ ಮಾಡಬಹುದು, ಅಂಥ ಶೋಕಿ. 2010ರಲ್ಲಿ ಜಾರ್ಜಿಯಾದವರೊಬ್ಬರು ಕೊಂಡರು. ಆಮೇಲೆ ರಷ್ಯಾದವರೊಬ್ಬರು, ಅವರಾದ ಮೇಲೆ ರಷ್ಯಾದ ಇನ್ನೊಬ್ಬರು. ಇಂಗ್ಲೆಂಡಿನ ಚೆಲ್ಸಿಯಿಂದ ಎರವಲು ಆಟಗಾರರು ಸಾಲುಗಟ್ಟಿ ಬಂದರು. 2017ರಲ್ಲಿ ದೇಶದ ಕಪ್ ಕೂಡ ಗೆದ್ದರು, 125 ವರ್ಷಗಳಲ್ಲಿ ಮೊದಲ ದೊಡ್ಡ ಟ್ರೋಫಿ. ನಿಮ್ಮ ಮಾತು ಅಲ್ಲಿವರೆಗೆ ಸರಿ.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು, ರಷ್ಯಾದ ಮಾಲೀಕರು ಹಿಂದೆ ಸರಿದರು. ದುಡ್ಡು ಎಲ್ಲಿಂದ ಬಂತು, ಕ್ಲಬ್ ನಿಜಕ್ಕೂ ಯಾರ ಕೈಯಲ್ಲಿದೆ ಅಂತ ಕೇಳಿದರೆ ಸರಿಯಾದ ಲೆಕ್ಕವಿಲ್ಲ. 2024ರಲ್ಲಿ 18 ಪಾಯಿಂಟ್ ಕಡಿತ. ಕೈಯಲ್ಲಿದ್ದದ್ದೇ 17, ಹಾಗಾಗಿ ಮೈನಸ್ ಒಂದು! ಕೆಳಗಿನ ಡಿವಿಷನ್ನಿಗೆ ಬಿದ್ದರು, ಅಲ್ಲೂ ಕೊನೆಯ ಸ್ಥಾನ. 2025ರಲ್ಲಿ ಲೈಸೆನ್ಸೇ ಹೋಯಿತು, ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ವಾಪಸ್ ಕೊಡಿಸಿತು. ಈ ಗದ್ದಲದ ನಡುವೆ ಕ್ಲಬ್ ಉಳಿಸಲು ಚಂದಾ ಎತ್ತಿದ್ದು ಯಾರು ಅಂತೀರಿ? ನೀವು ಬೇಡ ಅಂದ ಆ ಊರಿನ ಜನರೇ.

ಪ್ರಶ್ನೆ: ಪಿಎಸ್‌ವಿ ಯುರೋಪಿಯನ್ ಕಪ್ ಗೆದ್ದ ವರ್ಷ ಕೊನೆಯ ಐದು ಮ್ಯಾಚ್ ಗೆಲ್ಲಲೇ ಇಲ್ಲವಂತೆ. ಸಾಧ್ಯವೇ ಇಲ್ಲ ಅಂತ ನಾನು ಮಿರ್ಚಿ-ಮಂಡಕ್ಕಿ ಪಂಥ ಕಟ್ಟಿದ್ದೇನೆ.
— ಓದುಗರೊಬ್ಬರು, ರಾಯಚೂರು

ಉತ್ತರ: ಸೋತಿರಿ. 1988ರ ಕ್ವಾರ್ಟರ್ ಫೈನಲ್‌ನಲ್ಲಿ ಬೋರ್ಡೊ ಜೊತೆ ಅವರ ಊರಲ್ಲಿ 1-1, ತಮ್ಮ ಊರಲ್ಲಿ 0-0. ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಜೊತೆಯೂ ಹಾಗೆಯೇ 1-1, 0-0. ಎದುರಾಳಿ ಊರಲ್ಲಿ ಹೊಡೆದ ಗೋಲಿಗೆ ಆಗ ತೂಕ ಜಾಸ್ತಿ ಇತ್ತು, ಅದರಿಂದಲೇ ಎರಡೂ ಸಲ ಪಾರಾದರು. ಸ್ಟುಟ್‌ಗಾರ್ಟ್‌ನಲ್ಲಿ ಬೆನ್ಫಿಕಾ ಎದುರು ಫೈನಲ್ ಕೂಡ 0-0. ಪೆನಾಲ್ಟಿಯಲ್ಲಿ ಎರಡೂ ಕಡೆಯ ಮೊದಲ ಐವರು ಹೊಡೆದದ್ದೆಲ್ಲ ಗೋಲು, ಪಿಎಸ್‌ವಿಯ ಆರನೆಯವನದೂ ಗೋಲು. ಬೆನ್ಫಿಕಾದ ವೆಲೋಸೊ ಹೊಡೆದದ್ದನ್ನು ಗೋಲ್‌ಕೀಪರ್ ವಾನ್ ಬ್ರೂಕೆಲೆನ್ ತಡೆದ. 6-5. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಒಂದನ್ನೂ ಆಟದಲ್ಲಿ ಗೆಲ್ಲದೆ ಕಪ್ ಮನೆಗೆ ಬಂತು. ಮಿರ್ಚಿ ಬಿಸಿ ಇರುವಾಗಲೇ ಕೊಡಿಸಿಬಿಡಿ.