ಕಮೋಡ್ ಕಟ್ಟಡದ್ದು, ಸಾಕೆಟ್ ಚಿಹ್ನೆ ಕಾಗದದ್ದು

ಪ್ರಶ್ನೆ: ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಮನೆಯ ವಿದ್ಯುತ್ ನಕ್ಷೆ ಬರೆಯುತ್ತಿದ್ದೇನೆ. 1:100ರ ಹಾಳೆಯಲ್ಲಿ ಸರಿಯಾಗಿ ಕಾಣುವ ಸಾಕೆಟ್ ಬ್ಲಾಕ್ (ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡುವ ಚಿತ್ರ), 1:50ರ ಅಡುಗೆಮನೆ ಹಾಳೆಯಲ್ಲಿ ದೊಡ್ಡದಾಗಿಬಿಡುತ್ತದೆ. ಯಾವ ಸ್ಕೇಲ್ ಕೊಡಬೇಕು?

ಉತ್ತರ: ಎಲ್ಲರಿಗೂ ಒಂದು ಅಂಕಿ ಬೇಕು. ಆ ಬ್ಲಾಕ್ ಕಟ್ಟಡದ ವಸ್ತುವೋ ಕಾಗದದ ಗುರುತೋ ಎಂದು ಮಾತ್ರ ಯಾರೂ ಯೋಚಿಸುವುದಿಲ್ಲ. ಕಮೋಡ್, ಸಿಂಕ್, ಬಾಗಿಲುಗಳದು ನಿಜವಾದ ಅಳತೆ; ಅವುಗಳ ಸ್ಕೇಲ್ 1 ಆಗಿಯೇ ಇರಬೇಕು. 900 ಮಿ.ಮೀ. ಬಾಗಿಲನ್ನು ಕುಗ್ಗಿಸಿ 750 ಮಾಡಿದರೆ ಚೌಕಟ್ಟೂ ಸಣಕಲಾಗುತ್ತದೆ, ಬಡಗಿ ಅದನ್ನೇ ನಂಬುತ್ತಾನೆ. ಸಾಕೆಟ್, ಉತ್ತರ ದಿಕ್ಕಿನ ಬಾಣ, ಸೆಕ್ಷನ್ ಗುರುತು ಹಾಗಲ್ಲ. ಅವು ಅಚ್ಚಾದ ಹಾಳೆಯಲ್ಲಿ ಓದಲು ಸಿಗಬೇಕು, ಅಷ್ಟೇ. ಕಾಗದದ ಮೇಲೆ 4 ಮಿ.ಮೀ. ಬೇಕೆಂದರೆ, ಕಟ್ಟಡವನ್ನು ನಿಜ ಅಳತೆಯಲ್ಲಿ ಬರೆಯುವ ಮಾಡೆಲ್‌ನಲ್ಲಿ 1:100ಕ್ಕೆ 400, 1:50ಕ್ಕೆ 200. ಇಷ್ಟು ತಿಳಿದ ಜಾಣರು ಎರಡು ಲೇಯರ್‌ಗಳಲ್ಲಿ (ನಕ್ಷೆಯ ಪದರಗಳಲ್ಲಿ) ಎರಡು ಪ್ರತಿ ಇಡುತ್ತಾರೆ. ಆಮೇಲೆ ಒಂದನ್ನು ಸರಿಸಿ ಇನ್ನೊಂದನ್ನು ಮರೆಯುತ್ತಾರೆ. ತಪ್ಪು ಗೊತ್ತಾಗುವುದು ಗೋಡೆ ಕೊರೆದ ಮೇಲೆ.

2008ರ ಆವೃತ್ತಿಯಿಂದಲೇ ಇದಕ್ಕೆ ಅನೊಟೇಟಿವ್ ಬ್ಲಾಕ್, ಅಂದರೆ ಹಾಳೆಯ ಸ್ಕೇಲಿಗೆ ತಕ್ಕಂತೆ ತಾನೇ ಗಾತ್ರ ಬದಲಿಸುವ ಬ್ಲಾಕ್, ಇದೆ. ದಯವಿಟ್ಟು ಬಳಸಿ! ಚಿಹ್ನೆಯನ್ನು ಕಾಗದದ ಅಳತೆಯಲ್ಲೇ, ಅಂದರೆ 4 ಮಿ.ಮೀ. ಗಾತ್ರದಲ್ಲೇ ಬರೆಯಿರಿ. ಬ್ಲಾಕ್ ಮಾಡುವಾಗ ಅನೊಟೇಟಿವ್ ಆಯ್ಕೆ ಮಾಡಿ, ನಕ್ಷೆಯಲ್ಲಿಟ್ಟ ಮೇಲೆ ಅದಕ್ಕೆ 1:50, 1:100 ಎರಡೂ ಸ್ಕೇಲ್ ಸೇರಿಸಿ. ಆಯಾ ವ್ಯೂಪೋರ್ಟ್ (ಹಾಳೆಯಲ್ಲಿ ನಕ್ಷೆ ಕಾಣುವ ಕಿಟಕಿ) ತನಗೆ ತಕ್ಕ ಗಾತ್ರದಲ್ಲಿ ತೋರಿಸುತ್ತದೆ. ಸೇರಿಸಲು ಮರೆತ ಸ್ಕೇಲಿನ ವ್ಯೂಪೋರ್ಟಿನಲ್ಲಿ ಚಿಹ್ನೆ ಮಾಯವಾಗಬಹುದು. ಆದ್ದರಿಂದ ಪ್ರಿಂಟ್ ಕೊಡುವ ಮುನ್ನ ನಾನು ಪ್ರತಿ ಕೋಣೆಯ ಸಾಕೆಟ್‌ಗಳನ್ನು ಕೈಯಾರೆ ಎಣಿಸುತ್ತೇನೆ. ನೀವೂ ಎಣಿಸಿ.

ಪ್ರಶ್ನೆ: ನೂರಾರು ಚಿಹ್ನೆಗಳನ್ನು ಒಟ್ಟಿಗೆ ಸ್ಕೇಲ್ ಮಾಡಿದರೆ ಜಾಗ ಬಿಟ್ಟು ಹೋಗುತ್ತವೆ.

ಉತ್ತರ: ಸ್ಕೇಲ್ ಕಮಾಂಡ್ ಬೇಡ, ಪ್ರಾಪರ್ಟೀಸ್‌ನಲ್ಲಿ ಎಕ್ಸ್, ವೈ, ಜಡ್ ಸ್ಕೇಲ್ ಬದಲಿಸಿ, ಪ್ರತಿಯೊಂದೂ ತನ್ನ ಇನ್ಸರ್ಷನ್ ಪಾಯಿಂಟ್‌ನಲ್ಲೇ, ಅಂದರೆ ಇಟ್ಟ ಬಿಂದುವಿನಲ್ಲೇ, ನಿಲ್ಲುತ್ತದೆ.

ಪ್ರಶ್ನೆ: ಇಂಟರ್‌ನೆಟ್‌ನಿಂದ ತಂದ ಬ್ಲಾಕ್ 25.4 ಪಟ್ಟು ದೊಡ್ಡದಾಗಿ ಬರುತ್ತದೆ. 0.03937 ಕೊಟ್ಟರೆ ಸಾಕೆಂದು ತರಬೇತಿ ಕೇಂದ್ರದಲ್ಲಿ ಹೇಳಿಕೊಟ್ಟಿದ್ದಾರೆ.

ಉತ್ತರ: ರೋಗ ಬಿಟ್ಟು ಜ್ವರಕ್ಕಷ್ಟೇ ಮಾತ್ರೆ ಕೊಡುವ ಇಂಥ ಪಾಠಕ್ಕೆ ಶುಲ್ಕ ಬೇರೆ! ಮಿಲಿಮೀಟರಿನಲ್ಲಿ ಬರೆದ ಆ ಫೈಲಿನಲ್ಲಿ ಅಳತೆಯ ಮಾನ ಹೇಳುವ ಇನ್ಸ್‌ಯೂನಿಟ್ಸ್ 1, ಅಂದರೆ ಇಂಚು ಎಂದೇ ಉಳಿದಿದೆ. ಅದನ್ನು 4, ಅಂದರೆ ಮಿಲಿಮೀಟರ್, ಮಾಡಿ ಸೇವ್ ಮಾಡಿ. ನಿಮ್ಮ ನಕ್ಷೆಯಲ್ಲಿರುವ ಹಳೆಯ ಬ್ಲಾಕ್ ಅಳಿಸಿ, ಪರ್ಜ್ ಮಾಡಿ (ಫೈಲಿನೊಳಗೆ ಉಳಿದ ಅದರ ಪ್ರತಿಯನ್ನೂ ತೆಗೆದು), ಮತ್ತೆ ತನ್ನಿ.

ಪ್ರಶ್ನೆ: ಬ್ಲಾಕ್ ಅನ್ನು ಎಕ್ಸ್‌ಪ್ಲೋಡ್ ಮಾಡಿ, ಅಂದರೆ ಬಿಡಿ ಗೆರೆಗಳಾಗಿ ಒಡೆದು, ಚಿಕ್ಕದಾಗಿಸಬಹುದೇ?

ಉತ್ತರ: ಕೂಡದು.